ಬೀಗರ ಹುಳದ ಮನೆಯಲ್ಲಿ ಭಾನುವಾರ

ನನ್ನ ಬೀಗರು ಗುರುಪಾದಸ್ವಾಮಿಯವರ ಬಗ್ಗೆ ಅವರೂರು ಮಾಂಬಳ್ಳಿಯಲ್ಲಿ ಯಾರನ್ನು ಕೇಳಿದರೂ ಒಳ್ಳೆಯದನ್ನೇ ಹೇಳುತ್ತಾರೆ. ನನ್ನನ್ನು ಮಾತ್ರ ಕೇಳಬೇಡಿ. ಹೋದ ಜೂನ್‌ನಿಂದ ಆ ಹೆಸರು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ಹೊಟ್ಟೆಕಿಚ್ಚೇ ಅದು, ನಾನೇನು ಮುಚ್ಚಿಡುವುದಿಲ್ಲ.

ನನ್ನ ಮಗಳು ಭವ್ಯಳನ್ನು ಅವರ ಮಗ ಉದಯಕುಮಾರನಿಗೆ ಕೊಟ್ಟಿದ್ದೇವೆ. ಗಂಡ ಹೆಂಡತಿ ಕೊಳ್ಳೇಗಾಲದಲ್ಲಿ ಮನೆ ಮಾಡಿದ್ದಾರೆ. ಎರಡು ಮಕ್ಕಳು. ನಾಗಶ್ರೀಗೆ ಹತ್ತು ವರ್ಷ, ಮಂಟೇಸ್ವಾಮಿಗೆ ಆರು. ಎರಡು ಬಾಣಂತನವೂ ಮುಳ್ಳೂರಿನ ನಮ್ಮ ಮನೆಯಲ್ಲೇ ಆದವು. ಮಕ್ಕಳಿಗೆ ಹರಳೆಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳು ನಾನು. ಮುಂದೆಯೂ ಅಷ್ಟೇ, ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಕೂಡಲೇ ಆಟೋ ಹತ್ತಿ ನಮ್ಮೂರಿಗೆ ಬಂದುಬಿಡುತ್ತಿದ್ದವು. ಭಾನುವಾರ ಸಂಜೆಯವರೆಗೂ ಅವು ನನ್ನವು. ವಾರದಲ್ಲಿ ನನಗಿದ್ದದ್ದು ಅದೊಂದೇ ದಿನ.

ಆ ದಿನಕ್ಕೇ ಬೀಗರು ಕೈ ಹಾಕಿದರು. ಹನೂರಿನ ಕಡೆ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕ್ರಾಫ್ಟ್ ಮೇಷ್ಟ್ರಾಗಿದ್ದು ರಿಟೈರಾದವರು ಅವರು. ರೇಷ್ಮೆ ಹುಳ ಸಾಕುವುದನ್ನು ಬಿಟ್ಟ ಮೇಲೆ ಅವರ ಹಿತ್ತಲ ಹುಳದ ಮನೆ ಖಾಲಿ ಬಿದ್ದಿತ್ತು. ಅದನ್ನು ಗುಡಿಸಿ, ಸುಣ್ಣ ಬಳಿದು, ಗೋಡೆಗೆ ಗರಗಸ, ಉಳಿ, ಕೊಡತಿ ಎಲ್ಲ ಸಾಲಾಗಿ ನೇತುಹಾಕಿ, ಭಾನುವಾರ ಮಕ್ಕಳಿಗೆ ಮರಗೆಲಸದ ಕ್ಲಬ್ ಶುರು ಮಾಡಿದರು. ಮಾಂಬಳ್ಳಿಯವು, ಅಗರದವು ಸೇರಿ ಹತ್ತು ಮಕ್ಕಳು, ಜೊತೆಗೆ ನನ್ನವು ಎರಡು. ಆಮೇಲೆ ಶನಿವಾರ ಫೋನ್ ಮಾಡಿದರೆ ನಾಗಶ್ರೀಯದು ಒಂದೇ ಮಾತು.

"ನಾಳೆ ಕ್ಲಬ್ ಐತೆ ಕಣಜ್ಜಿ."

ಕಜ್ಜಾಯ ಮಾಡಿದ್ದೀನಿ ಬಾ ಎಂದು ಆಸೆ ತೋರಿಸಿದೆ. ಡಬ್ಬಿಗೆ ಹಾಕಿ ಕಳಿಸು ಅಂದಳು. ಕಳಿಸಿದೆ. ಮಾರನೆಯ ದಿನ ಫೋನಿನಲ್ಲಿ ಸಂತೋಷವಾಗಿ, "ಎಲ್ರಿಗೂ ಅಂಚ್ದೆ ಅಜ್ಜಿ, ಸಾ ನಾಕು ತಿಂದ್ರು" ಅಂದಳು. ಸಾ ಅಂದರೆ ಸಾರ್, ನಮ್ಮ ಬೀಗರು. ನನ್ನ ಕಜ್ಜಾಯ, ಅವರ ಹೊಟ್ಟೆಗೆ! ಅವತ್ತು ನಾನು ಊಟ ಮಾಡಲಿಲ್ಲ.

ಕಾರ್ತಿಕದಲ್ಲಿ ಒಂದು ಭಾನುವಾರ ನಾನೇ ಹೊರಟೆ. ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಕಾಸಿಲ್ಲವಲ್ಲ, ಹೋಗಿ ಬರುವುದೇನು ಕಷ್ಟ? ಯಾವ ಮಗುವಿನ ಬೆರಳಾದರೂ ಕುಯ್ದಿರುತ್ತದೆ, ನೋಡಿಕೊಂಡು ಬಂದು ಮಗಳ ಮುಂದೆ ಹೇಳಿ ಈ ಕ್ಲಬ್ಬನ್ನು ಬಿಡಿಸೋಣ ಎಂದುಕೊಂಡಿದ್ದೆ. ಯಾವ ಬೆರಳೂ ಕುಯ್ದಿರಲಿಲ್ಲ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಬೀಗರು ಬಾಗಿಲಲ್ಲೇ ನನ್ನನ್ನು ತಡೆದರು.

"ನಿಂತ್ಕಂಡು ನೋಡೋರ್ಗೆ ಇಲ್ಲಿ ಜಾಗ ಇಲ್ಲ ಬೀಗಿತ್ತೀರೇ. ಕೂತ್ಕಂಡು ಮಾಡಾದಾದ್ರೆ ಬನ್ನಿ."

ರೋಷ ಬಂತು. ಒಳಗೆ ಹೋಗಿ ಮಕ್ಕಳ ಸಾಲಿನಲ್ಲಿ ಕೂತೇಬಿಟ್ಟೆ. ನಾಗಶ್ರೀ ಓಡಿ ಬಂದು ಕಿವಿಯಲ್ಲಿ ಹೇಳಿದಳು.

"ಇಲ್ಲಿ ತಾತ ಅನ್ನಂಗಿಲ್ಲ ಅಜ್ಜಿ, ನೀನೂ ಬೀಗ್ರೇ ಅನ್ಬ್ಯಾಡ. ಎಲ್ರೂ ಸಾ ಅನ್ಬೇಕು."

ಬೀಗರು ನನಗೆ ಒಂದು ಹಲಸಿನ ಮರದ ರೀಪು ಕೊಟ್ಟು ಮುದ್ದೆ ತಿರುವುವ ಕೋಲು ಮಾಡಲು ಹೇಳಿದರು. ಹೇಳಿಕೊಡಲು ನಾಗಶ್ರೀಯನ್ನೇ ಬಿಟ್ಟರು. ಅಲ್ಲೇ ಅವರು ಎಡವಿದ್ದು. ಇಡೀ ದಿನ ಆ ಹುಡುಗಿ ನನ್ನ ಮಗ್ಗುಲು ಬಿಟ್ಟು ಏಳಲಿಲ್ಲ. "ಮರದ ಎಳೆ ಎತ್ಲಾಗೈತೆ ನೋಡ್ಕಂಡು ಉಜ್ಜಜ್ಜಿ, ಅಡ್ಡಕ್ಕೆ ಉಜ್ಬ್ಯಾಡ" ಎಂದು ನನ್ನನ್ನು ಗದರುತ್ತಿದ್ದಳು. ಗದರಿಸಿಕೊಳ್ಳುವುದರಲ್ಲಿ ಇಷ್ಟು ಸುಖ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಂಟನೂ ಅಷ್ಟೇ, ಮೊಳೆ ಬೇಕಾದರೂ ಅಜ್ಜಿ, ನೀರು ಬೇಕಾದರೂ ಅಜ್ಜಿ. ಅವನನ್ನು ನೋಡಿ ಮಿಕ್ಕ ಹತ್ತು ಮಕ್ಕಳೂ ನನ್ನನ್ನು ಅಜ್ಜಿ ಅನ್ನತೊಡಗಿದವು.

ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಕೋಲು ಬೇಗ ಮುಗಿದರೆ ಮನೆಗೆ ಕಳಿಸಿಬಿಟ್ಟಾರು ಎಂಬ ಭಯಕ್ಕೆ ಉಜ್ಜಿದ್ದನ್ನೇ ಉಜ್ಜುತ್ತಾ ಕೂರುತ್ತಿದ್ದೆ. ಬೀಗರು ಆಗಾಗ ನಮ್ಮ ಕಡೆ ನೋಡಿ ಮುಖ ತಿರುಗಿಸುವುದನ್ನು ಕಂಡಿದ್ದೆ. ಹಂಗೇ ಆಗಬೇಕು ಎಂದುಕೊಳ್ಳುತ್ತಿದ್ದೆ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ ಅವರಿಗೆ ತಡೆಯಲಾಗಲಿಲ್ಲ. "ನಾಗಶ್ರೀ, ನೀನು ಆ ಚಿಕ್ಕೋರ್ಗೆ ಏಳ್ಕೊಡೋಗು, ಅಜ್ಜಿಗೆ ನಾನ್ ತೋರುಸ್ತೀನಿ" ಎಂದು ಅವಳನ್ನು ಎಬ್ಬಿಸಿ, ಆ ಜಾಗದಲ್ಲಿ ತಾವೇ ಬಂದು ಕೂತರು. ನನ್ನ ಕೋಲನ್ನು ತೆಗೆದುಕೊಂಡು ತಿರುಗಿಸಿ ನೋಡಿದರು.

"ಸಂಕ್ರಾಂತಿಗೇ ಮುಗ್ದೋಗೈತಲ್ಲ ಇದು."

ಸಿಕ್ಕಿಬಿದ್ದೆ. ಸಿಕ್ಕಿಬಿದ್ದರೆ ನನಗೆ ಕೋಪ ಜಾಸ್ತಿ. "ನಿಮ್ಗೇನ್ ಸಾ? ವಾರ ವಾರಾನೂ ಮಕ್ಕಳ ನೀವೇ ಮಡಿಕ್ಕಂಡಿದ್ದೀರಿ. ನಂಗೆ ಇದೊಂದ್ ದಾರಿ" ಅಂದೆ.

"ಎಲ್ಲಿ ಮಡಿಕ್ಕಂಡಿವ್ನಿ?" ಅವರು ದನಿ ತಗ್ಗಿಸಿದರು. "ಬೆಳಿಗ್ಗೆ ಬಸ್ಗೆ ಬತ್ತವೆ, ನಾಕೂವರೆ ಬಸ್ಗೆ ಓಯ್ತವೆ. ಬಂದಾಗ್ಲಿಂದ ಓಗಗಂಟ ಸಾ, ಸಾ. ನಿಮ್ಮನ್ನ ನೋಡಿ, ಊರ್ ಮಕ್ಕಳೆಲ್ಲಾ ಅಜ್ಜಿ ಅಂತವೆ."

"ಆ ರೂಲ್ಸ್ ಮಾಡ್ದೋರ್ ಯಾರು?"

"ನಾನೇ. ಮೇಷ್ಟ್ರು ಮೊಮ್ಮಕ್ಕಳ್ಗೆ ಒಳ್ಳೆ ಉಳಿ, ನಮ್ಗೆ ಮೊಂಡು ಉಳಿ ಅಂತ ಬ್ಯಾರೆ ಮಕ್ಕಳ್ಗೆ ಅನ್ನುಸ್ಬಾರ್ದಲ್ಲ." ಕೋಲನ್ನು ನನ್ನ ಮಡಿಲಿಗಿಟ್ಟರು. "ಉದಯನೂ ನಮ್ ಸ್ಕೂಲಲ್ಲೇ ಓದಿದ್ದು. ಅವುನ್ಗೂ ಇಂಗೇ ಏಳಿದ್ದೆ. ಆಮೇಕೆ ಮನೇಲೂ ಅಪ್ಪ ಅನ್ನಾದ್ನೇ ಬುಟ್ಬುಟ್ಟ."

ನನ್ನ ಅಳಿಯ ಇವತ್ತಿಗೂ ಅಪ್ಪನನ್ನು 'ನಮ್ ಮೇಷ್ಟ್ರು' ಎಂದೇ ಕರೆಯುವುದು. ಗೌರವ ಅಂದುಕೊಂಡು ಹತ್ತಾರು ವರ್ಷ ನಾವೆಲ್ಲ ನಕ್ಕಿದ್ದೇವೆ.

ನಿಜ ಹೇಳುತ್ತೇನೆ, ಅವರಿಗೂ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ತಿಳಿದು ಮೊದಲು ನನಗೆ ಹಬ್ಬದೂಟ ಉಂಡಷ್ಟು ಹಿತವಾಯಿತು. ಆ ಹಿತ ನಾಲ್ಕು ಗಂಟೆಯವರೆಗೂ ಉಳಿಯಲಿಲ್ಲ. ಕೋಲು ಉಜ್ಜುತ್ತಾ ಕೂತರೆ ಅಪ್ಪ ಅನ್ನುವುದನ್ನೇ ಬಿಟ್ಟ ಉದಯಕುಮಾರನೇ ಕಣ್ಣ ಮುಂದೆ ಬರುತ್ತಿದ್ದ.

ಕೊನೆಗೆ ಎದ್ದು ನಿಂತೆ. "ಸಾ, ನನ್ಗೆ ಸೊಂಟ ನೋಯ್ತದೆ. ಇವತ್ತು ಅರ್ಧ ಗಂಟೆ ಮುಂಚೆ ಬುಟ್ಬುಡಿ. ಬಸ್ ಬರಗಂಟ ಮಕ್ಕಳ್ ಜೊತೆ ಜಗಲೀಲಿ ಕೂತ್ಕಳಾನ."

ಬೀಗರು ನನ್ನ ಮುಖ ನೋಡಿದರು. ಪ್ರತಿ ವಾರ ಮಾಡುವಂತೆ ಎಲ್ಲರ ಕೈ ಚಾಚಿಸಿ ಬೆರಳು ಎಣಿಸಿದರು, ನನ್ನವನ್ನೂ ಬಿಡದೆ. ಊರಿನ ಮಕ್ಕಳು ಹೊರಟವು. ನಾವು ನಾಲ್ಕು ಜನ ಮನೆಯ ಮುಂದಿನ ಜಗಲಿಗೆ ಬಂದು ಕೂತೆವು. ಕೋಲು, ಉಪ್ಪುಕಾಗದ ಎರಡೂ ನನ್ನ ಕೈಯಲ್ಲೇ ಇದ್ದವು. ಮಂಟ ತಾನಾಗಿಯೇ ಹೋಗಿ ಅವರ ತೊಡೆ ಹತ್ತಿದ.

"ಸಾ, ಒಂದ್ ಕತೆ ಏಳಿ ಸಾ."

ಅವನ ಬೆನ್ನು ಸವರುತ್ತಿದ್ದ ಕೈ ನಿಂತಿತು. "ಈಗ ಕ್ಲಬ್ ಮುಗೀತು ಕಣ್ಲಾ" ಅಂದರು ಮೆಲ್ಲಗೆ.

"ಊಂ ಸಾ" ಅಂದ ಹುಡುಗ.

ನಾನು ಗೆದ್ದಿದ್ದೆ. ಒಂಬತ್ತು ತಿಂಗಳಿಂದ ಕಾದದ್ದು ಇದಕ್ಕೇ ತಾನೇ? ಮಕ್ಕಳಿಗೆ ಅಜ್ಜಿ ಇದ್ದಳು, ತಾತ ಇರಲಿಲ್ಲ. ಬೀಗರು ನಗಲು ನೋಡಿದರು. ನಗು ಬರಲಿಲ್ಲ. ಆ ಮುಖವನ್ನು ನೋಡುತ್ತಾ ಕೂರಲು ನನ್ನಿಂದಾಗಲಿಲ್ಲ.

"ಲೇ ಮಂಟ, ಸಾ ಅಲ್ಲ ಕಣ್ಲಾ. ತಾತ ಅನ್ನು" ಎಂದು ಗದರಿದೆ.

ಮಂಟ ಅಕ್ಕನ ಮುಖ ನೋಡಿದ. ನಾಗಶ್ರೀ ಒಂದು ಸಲ ಹಿತ್ತಲ ಕಡೆ ನೋಡಿ, "ಇದು ಮನೆ ಅಲ್ವಾ, ಇಲ್ಲಿ ಅನ್ಬೋದು" ಅಂದಳು.

"ತಾತ, ಕತೆ ಏಳು."

ಬೀಗರು ಕತೆ ಶುರು ಮಾಡಿದರು. ನಾಗಶ್ರೀ ನನ್ನ ಪಕ್ಕದಿಂದ ಎದ್ದು ಹೋಗಿ ಅವರ ತೋಳಿಗೆ ಒರಗಿ ಕೂತಳು. ಜಗಲಿಯ ಈ ತುದಿಯಲ್ಲಿ ನಾನೊಬ್ಬಳೇ ಉಳಿದೆ. ಹೇಳಿಕೊಟ್ಟವಳು ನಾನೇ. ಆದರೂ ಆ ಒಂಬತ್ತು ತಿಂಗಳಲ್ಲಿ ನನ್ನ ಹೊಟ್ಟೆ ಅಷ್ಟು ಉರಿದದ್ದು ಇನ್ಯಾವತ್ತೂ ಇಲ್ಲ.

ಮಕ್ಕಳು ಹತ್ತಬೇಕಾದ ನಾಲ್ಕೂವರೆ ಬಸ್ಸು ಹಾರನ್ ಹೊಡೆಯುತ್ತಾ ಬಂದು, ನಿಂತು, ಹೋಯಿತು. ನಾನು ಕೇಳಿಸದವಳ ಹಾಗೆ ಕೋಲು ಉಜ್ಜುತ್ತಾ ಕೂತೆ.