ಹುರುಳಿಕಾಯಿ ಬಸಿದ ನೀರು

ಹುರುಳಿಕಾಯಿ ಪಲ್ಯ ಮಾಡುವುದು ಯಾರೂ ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಕಾಯಿ ಎಳೆಯದಾಗಿರಬೇಕು, ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ಎರಡೂ ತುದಿ ಚಿವುಟಿ, ನಾರು ತೆಗೆದು, ಸಣ್ಣಗೆ ಹೆಚ್ಚಿ ಉಪ್ಪು ಹಾಕಿ ಬೇಯಿಸಬೇಕು. ನೀರು ಬಸಿದು, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು, ಈರುಳ್ಳಿಯ ಒಗ್ಗರಣೆಗೆ ಸುರಿದು, ಮೇಲೆ ಒಂದು ಹಿಡಿ ತೆಂಗಿನತುರಿ ಉದುರಿಸಿದರೆ ಮುಗಿಯಿತು. ಮದುವೆಯಾಗಿ ಮಂಡ್ಯದ ಗುತ್ತಲಿಗೆ ಬಂದಾಗಿನಿಂದ ಮಾಡುತ್ತಿದ್ದೇನೆ. ಈಗ ಆ ಕಾಯಿ ಕೈಗೆತ್ತಿಕೊಳ್ಳುವುದೇ ಬೇಡ ಅನ್ನಿಸುತ್ತದೆ. ಆದರೂ ಮಾಡುತ್ತೇನೆ. ಬೇಡ ಅನ್ನಿಸಿತು ಅಂತ ತರಕಾರಿ ಬಿಟ್ಟುಕೊಂಡು ಕೂತರೆ ಹೊಟ್ಟೆ ಕೇಳುತ್ತದೆಯೇ?

ಬೇರೆ ಸೀಮೆಯವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಆ ಬಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ನಾವು ಕಾಯಿ ಬೇಯಿಸುವುದೇ ಆ ನೀರಿನ ಆಸೆಗೆ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ತೆಂಗಿನಕಾಯಿ, ಖಾರದ ಪುಡಿ, ಒಂದಿಷ್ಟು ಬೆಂದ ಕಾಯಿ ಸೇರಿಸಿ ರುಬ್ಬಿ, ಹುಣಸೆಹುಳಿ ಬಿಟ್ಟು, ಆ ನೀರಿಗೆ ಕಲಸಿ ಕುದಿಸಿದರೆ ಬಸ್ಸಾರು. ಬಿಸಿ ಮುದ್ದೆ, ಅದರ ಸುತ್ತ ಬಸ್ಸಾರು, ಪಕ್ಕಕ್ಕೆ ಪಲ್ಯ. ನಮ್ಮತ್ತೆಮ್ಮ ಬಂಡೂರಿನವರು. ಆ ಊರಿನ ಕುರಿ ಮಾಂಸಕ್ಕೆ ಎಲ್ಲೆಲ್ಲಿಯವರೋ ಬಾಯಿ ಬಿಡುತ್ತಾರೆ. ಅತ್ತೆಮ್ಮನನ್ನು ಕೇಳಿದರೆ ಅದಾದ ಮೇಲೆ ರುಚಿ ಅಂತ ಇರುವುದು ಬಸ್ಸಾರಿಗೆ ಮಾತ್ರ. ಕಾಯಿ ಬೇಯಿಸಿದ ನೀರು ಚೆಲ್ಲುವ ಹೆಂಗಸನ್ನು ಅವರು ಮನೆ ನಡೆಸುವವಳು ಅಂತ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ.

ಅಂಥವರ ಕಣ್ಣೆದುರೇ ನಾನು ಚೆಲ್ಲಬೇಕಾಯಿತು.

ನಮ್ಮನೆಯವರು ಮದ್ದೂರಿನಲ್ಲಿ ಬೋರ್‌ವೆಲ್ ಮೋಟರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದರು. ಸುಟ್ಟುಹೋದ ಮೋಟರು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಓಡಿಸುವ ಕೆಲಸ. ಊರಿನವರ ಮೋಟರು ನೋಡಿಕೊಳ್ಳುವ ಆಸಾಮಿಗೆ ಸ್ವಂತ ಮೈ ನೋಡಿಕೊಳ್ಳುವುದೆಂದರೆ ಉದಾಸೀನ. ಬಿಪಿ ಇತ್ತು, ಶುಗರ್ ಇತ್ತು, ಮಾತ್ರೆ ನೆನಪಾದಾಗ ನುಂಗುತ್ತಿದ್ದರು. ಕಾಲು, ಮುಖ ಊದಿಕೊಂಡ ಮೇಲೆ ಆಸ್ಪತ್ರೆಗೆ ಹೋದರೆ, ಎರಡೂ ಕಿಡ್ನಿ ಹೋಗಿವೆ ಅಂದರು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಬೇರೆ ಕಿಡ್ನಿ ಹಾಕಿಸುವ ಮಾತೂ ಬಂತು. ನನಗೂ ಶುಗರ್, ಅತ್ತೆಮ್ಮನಿಗೆ ವಯಸ್ಸಾಗಿದೆ, ಅವರಿಗೆ ಇವರೊಬ್ಬರೇ ಮಗ, ನಮಗೆ ಮಕ್ಕಳಿಲ್ಲ. ಸರದಿಯಲ್ಲಿ ಹೆಸರು ಬರೆಸಿ ಬಂದೆವು. ಆ ಸರದಿ ನಮ್ಮವರೆಗೆ ಬರುತ್ತದೆ ಅಂತ ನಾನು ಒಂದು ದಿನವೂ ನಂಬಲಿಲ್ಲ. ನಂಬಿದವಳ ಹಾಗೆ ನಟಿಸುವುದೂ ನನಗೆ ಬರುವುದಿಲ್ಲ.

ಆಸ್ಪತ್ರೆಯಲ್ಲಿ ಊಟದ ಪಥ್ಯ ಹೇಳುವ ಹುಡುಗಿಯೊಬ್ಬಳಿದ್ದಳು. ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ರಾಗಿ ಬೇಡ. ಎಳನೀರು ಬೇಡವೇ ಬೇಡ. ಉಪ್ಪು, ಕಾಯಿತುರಿ ಬೇಡ. ನೀರು ಲೋಟದಲ್ಲಿ ಅಳೆದು ಕುಡಿಯಬೇಕು. ತರಕಾರಿಯನ್ನು ತುಂಬ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಬರೀ ಕಾಯಿ ಕೊಡಬೇಕು. ಕಾಯಿಯೊಳಗಿನ ಪೊಟ್ಯಾಸಿಯಂ ಎಂಬುದು ನೀರಿಗೆ ಇಳಿಯುತ್ತದೆ, ಕಿಡ್ನಿ ಇಲ್ಲದವರ ಮೈಯಲ್ಲಿ ಅದು ಹೆಚ್ಚಾದರೆ ಎದೆ ಬಡಿತ ನಿಂತುಬಿಡುತ್ತದೆ. ಅವಳು ಹೇಳಿದ್ದು ಇಷ್ಟು ಸ್ಪಷ್ಟವಾಗಿ. ನಮ್ಮನೆಯವರು ತಲೆಯಾಡಿಸಿ, ಹೊರಗೆ ಬಂದ ಮೇಲೆ ನಕ್ಕರು. "ಮುದ್ದೆ ಇಲ್ಲ, ಬಸ್ಸಾರಿಲ್ಲ, ಎಳ್ನೀರಿಲ್ಲ. ಮಂಡ್ಯದೋನು ಅನ್ನೋದೂ ಬ್ಯಾಡ ಅಂತ ಬರ್ಕೊಟ್ಬುಡಕ್ಕೇಳು" ಅಂದರು.

ಹುರುಳಿಕಾಯಿ ಅವರಿಗೆ ಕೊಡಬಹುದಾದ ಕೆಲವೇ ತರಕಾರಿಗಳಲ್ಲಿ ಒಂದು. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ಅದೇ ಗತಿಯಾಯಿತು. ಬೆಳಗ್ಗೆ ಎದ್ದು ಕಾಯಿ ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಬಸಿದು, ಉಪ್ಪಿಲ್ಲದೆ, ತುರಿಯಿಲ್ಲದೆ ಒಗ್ಗರಣೆ ಹಾಕಿಡುತ್ತಿದ್ದೆ. ಆಮೇಲೆ ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಬಸ್ಸು ಹಿಡಿಯಬೇಕು. ಅಲ್ಲಿ ನನ್ನದು ಚೆಕ್ಕಿಂಗ್ ಕೆಲಸ. ಹೊಲಿದ ಶರಟು ತಿರುಗಿಸಿ ಮುರುಗಿಸಿ ಎಲ್ಲಿ ಹೊಲಿಗೆ ತಪ್ಪಿದೆ ಅಂತ ಹುಡುಕುವುದು.

ಮೊದಲ ದಿನ ನೀರನ್ನು ಸಿಂಕಿಗೆ ಸುರಿಯುತ್ತಿದ್ದಾಗ ಅತ್ತೆಮ್ಮ ಬಂದು ಕೈ ಹಿಡಿದುಕೊಂಡರು.

"ಯಾಕಮ್ಮಿ ಉಯ್ತಿದ್ದೀಯ?"

"ಡಾಕ್ಟ್ರು ಬ್ಯಾಡ ಅಂದವ್ರೆ ಅತ್ತೆಮ್ಮ. ಈ ನೀರು ಅವ್ರಿಗಾಗಲ್ಲ."

"ಸಾರ್ವೆಲ್ಲ ಬಚ್ಚಲ್ಗೆ ಉಯ್ದು ಸಿಪ್ಪೆ ಇಕ್ತೀಯ? ನನ್ ಮಗ ಎಂಗಮ್ಮಿ ಬದಿಕಾನು?"

ನಾನು ಪೊಟ್ಯಾಸಿಯಂ ಅಂದೆ, ರಕ್ತ ಅಂದೆ, ಗುಂಡಿಗೆ ಅಂದೆ. ಅವರು ಕಿವಿ ಮೇಲೇ ಹಾಕಿಕೊಳ್ಳಲಿಲ್ಲ. ಅವರ ಪಾಲಿಗೆ ಕಾಯಿಯ ಸತ್ವ ನೀರಿಗೆ ಇಳಿಯುತ್ತದೆ ಅನ್ನುವುದೇ ಆ ನೀರು ಕೊಡುವುದಕ್ಕೆ ಕಾರಣ. ನಾನು ಅದನ್ನೇ ಚೆಲ್ಲುವುದಕ್ಕೆ ಕಾರಣ ಅನ್ನುತ್ತಿದ್ದೆ. ದಿನವೂ ಇದೇ ರಂಪವಾದ ಮೇಲೆ ಒಂದು ರಾಜಿಗೆ ಬಂದೆವು. ಪಲ್ಯ ನಮ್ಮನೆಯವರಿಗೆ, ನೀರು ನಮ್ಮಿಬ್ಬರಿಗೆ. "ನಂಗೇನ್ ರೋಗ ಬಂದದೆ, ನಾನುಣ್ತೀನಿ ಮಡುಗು" ಅಂದರು ಅತ್ತೆಮ್ಮ. ಹಾಗೇ ಆಗಲಿ ಅಂದೆ. ನನಗೂ ಅದು ಸರಿಯೇ ಕಂಡಿತು. ಬಸ್ಸಾರು ಮಾಡುವುದು ಅತ್ತೆಮ್ಮ, ನಾನು ಸಂಜೆ ಬಂದು ಅಡುಗೆಮನೆಯ ಮೂಲೆಯಲ್ಲಿ, ನಮ್ಮನೆಯವರ ಕಣ್ಣಿಗೆ ಬೀಳದ ಹಾಗೆ, ಮುದ್ದೆ ಮುರಿದು ತಿನ್ನುತ್ತಿದ್ದೆ. ಅವರು ಆಚೆ ಹಾಲಿನಲ್ಲಿ ಸಪ್ಪೆ ಪಲ್ಯ ಅನ್ನಕ್ಕೆ ಕಲಸಿಕೊಂಡು ಟಿವಿ ನೋಡುತ್ತಿದ್ದರು. ನಾನು ತಿಂದು ಬಂದರೆ ಮೂಗರಳಿಸಿ, "ಬೆಳ್ಳುಳ್ಳಿ ಒಸಿ ಸೀದದೆ ಕಣ್ಲೇ ಇವತ್ತು" ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ವಾಸನೆಯಲ್ಲೇ ಕಂಡುಹಿಡಿದರು ಅಂದುಕೊಂಡಿದ್ದೆ.

ಕೆಲವು ತಿಂಗಳಾದ ಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರತೊಡಗಿತು. ಪಥ್ಯದ ಹುಡುಗಿ ನನ್ನನ್ನು ಕರೆಸಿ, "ಏನ್ ಕೊಡ್ತಿದ್ದೀರಮ್ಮ ಮನೇಲಿ? ನೀರು ಚೆಲ್ತಿದ್ದೀರೋ ಇಲ್ವೋ?" ಅಂತ ಗದರಿದಳು. ನನಗೆ ಮೈಯೆಲ್ಲ ಉರಿಯಿತು. ದಿನಾ ಬೆಳಗ್ಗೆ ಎದ್ದು ಒದ್ದಾಡುವವಳು ನಾನು, ಬೈಸಿಕೊಳ್ಳುವವಳೂ ನಾನೇ. ಅಂದಿನಿಂದ ಕಾಯಿಯನ್ನು ಇನ್ನೂ ಸಣ್ಣಗೆ ಹೆಚ್ಚಿ, ಮೊದಲ ನೀರು ಬಸಿದು, ಹೊಸ ನೀರು ಹಾಕಿ ಮತ್ತೆ ಬೇಯಿಸತೊಡಗಿದೆ. ಪಲ್ಯ ಅನ್ನುವುದು ಒದ್ದೆ ಬಟ್ಟೆ ಚೂರಿನ ಹಾಗಾಯಿತು. ನಮ್ಮನೆಯವರು ಅದನ್ನು ಮಾತಾಡದೆ ತಿನ್ನುತ್ತಿದ್ದರು. ಅವತ್ತು ನಾನು ಆಸ್ಪತ್ರೆಯಲ್ಲಿ ಬೈಸಿಕೊಂಡಾಗ ಅವರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ತುಟಿ ಪಿಟಕ್ಕೆನ್ನಲಿಲ್ಲ.

ಶನಿವಾರದ ಡಯಾಲಿಸಿಸ್ ಆದರೆ ಮತ್ತೆ ಮಂಗಳವಾರವೇ, ಅಲ್ಲಿಯವರೆಗೆ ರಕ್ತದಲ್ಲಿ ಸೇರಿದ್ದು ಸೇರುತ್ತಲೇ ಇರುತ್ತದೆ. ಅಂಥ ಒಂದು ಮಂಗಳವಾರ ಬೆಳಗ್ಗೆ ಆಟೋದವನು ಬಂದು ಹಾರನ್ ಹೊಡೆದ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ನಾನೂ ಆಟೋದವನೂ ಎತ್ತಿಕೊಂಡು ಓಡಿದೆವು. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ ವಿಪರೀತ ಏರಿತ್ತು, ಎದೆ ನಿಂತುಹೋಯಿತು, ಇಂಥ ರೋಗಿಗಳಿಗೆ ಹೀಗಾಗುವುದುಂಟು ಅಂದರು. ಇಂಥದ್ದರಿಂದಲೇ ಏರಿತು ಅಂತ ಅವರು ಹೇಳಲಿಲ್ಲ.

ಮಳವಳ್ಳಿ ಕಡೆಯ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲು ತುಪ್ಪ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಸಮಾಧಿಯ ಗುಡ್ಡೆಯ ಮೇಲೆ ಎಡೆ ಇಡುವುದು ನಮ್ಮ ಪದ್ಧತಿ. ಬೆಳಗ್ಗೆ ಒಲೆ ಮುಂದೆ ಕೂತ ಅತ್ತೆಮ್ಮ, ಹುರುಳಿಕಾಯಿ ಬೇಯಿಸು, ಬಸ್ಸಾರು ಮಾಡಬೇಕು ಅಂದರು. ಪಾಪ, ಎಷ್ಟೋ ತಿಂಗಳಿಂದ ಬಾಯಿಗೆ ಸಿಗದ್ದು ಈಗಲಾದರೂ ಸಿಗಲಿ ಅಂತ ನಾನೂ ಅಂದೆ.

"ಸಿಗ್ದೆ ಏನು?" ಅಂದರು ಅತ್ತೆಮ್ಮ. "ನೀನ್ ಕೆಲ್ಸಕ್ ಓದ್ಮೇಲೆ ದಿನಾ ಮದ್ಯಾನ ನಾನೇ ಇಕ್ತಿದ್ದೆ ಕಣಮ್ಮಿ. ಬಿಸಿ ಮುದ್ದೆ, ತಟ್ಟೆ ತುಂಬ ಸಾರು. ಅವ್ಳಿಗೆ ಗೊತ್ತಾದ್ರೆ ಬೈತಾಳೆ, ಯೋಳ್ಬ್ಯಾಡ ಕಣವ್ವ ಅಂದಿದ್ದ. ಓಗೋ ಇಂದ್ಲ ದಿನ, ಸ್ವಾಮಾರ್ವೂ ಉಂಡ. ಎರಡ್ಸಲ ಇಕ್ಕುಸ್ಕೊಂಡ."

ನನ್ನ ಕೈಯಲ್ಲಿದ್ದ ಈಳಿಗೆಮಣೆ ಹಾಗೇ ನೆಲಕ್ಕಿಟ್ಟೆ. ಹಿತ್ತಲಿಗೆ ಹೋಗಿ ನಿಂತೆ. ಬಾಯಿಗೆ ಬಂದದ್ದನ್ನು ಅವತ್ತು ಅಲ್ಲೇ ಆಡಿಬಿಟ್ಟಿದ್ದರೆ ಎರಡನೇ ಗುಂಡಿ ತೋಡಬೇಕಾಗುತ್ತಿತ್ತು. ವಾಪಸು ಬಂದು ಕಾಯಿ ಹೆಚ್ಚಿದೆ, ಬೇಯಿಸಿದೆ, ನೀರು ಬಸಿದು ಅವರ ಮುಂದಿಟ್ಟೆ. ಎಡೆ ಇಟ್ಟ ಕೂಡಲೇ ಕಾಗೆ ಬಂದು ಮುಟ್ಟಿತು. "ನೋಡ್ದಾ, ನನ್ ಮಗುಂಗೆ ತೃಪ್ತಿಯಾಯ್ತು" ಅಂತ ಅತ್ತೆಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಸತ್ತವರ ಮೇಲೆ ಸಿಟ್ಟಾಗಬಾರದಂತೆ. ನನಗೆ ಆಗಿದೆ, ಇನ್ನೂ ಇಳಿದಿಲ್ಲ. ಅತ್ತೆಮ್ಮನಿಗೆ ತಿಳಿಯದು, ಅವರನ್ನು ಬಿಡಿ. ನಮ್ಮನೆಯವರಿಗೆ ತಿಳಿದಿತ್ತು. ಆ ಹುಡುಗಿ ಹೇಳಿದ್ದನ್ನು ನನ್ನ ಪಕ್ಕದಲ್ಲೇ ಕೂತು ಕೇಳಿದ್ದರು. ತಾಯಿ ಇಕ್ಕಿದ್ದನ್ನು ಬೇಡ ಅನ್ನಲಾರದೆ ಉಂಡರೋ, ಬಾಯಾರಿಕೆ ತಡೆಯಲಾರದೆ ಉಂಡರೋ, ಸಾಕಾಗಿ ಉಂಡರೋ ನನಗೆ ಗೊತ್ತಿಲ್ಲ. ನಾನು ಎರಡೆರಡು ಸಲ ಬೇಯಿಸಿದ ಆ ಸಪ್ಪೆ ಕಾಯಿಯನ್ನು ರಾತ್ರಿ ನನ್ನೆದುರು ಜಗಿಯುತ್ತಿದ್ದಾಗ ಅವರ ಮನಸ್ಸಿನಲ್ಲಿ ಏನಿತ್ತು? ಒಂದು ಮಾತು ಹೇಳಿದ್ದರೆ ಬೈಯುತ್ತಿದ್ದೆ, ಅಷ್ಟೇ ತಾನೆ. ನನ್ನ ಬೈಗುಳಕ್ಕೆ ಹೆದರಿ ಸತ್ತರು ಅಂದುಕೊಂಡರೆ ನಾನು ಬದುಕುವುದು ಹೇಗೆ?

ತಿಥಿಯಾದ ಮೇಲೂ ಮಾತಾಡಿಸಲು ಜನ ಬರುತ್ತಿದ್ದರು. ಅತ್ತೆಮ್ಮ ಪ್ರತಿಯೊಬ್ಬರಿಗೂ ಅದೇ ಕತೆ ಹೇಳುತ್ತಿದ್ದರು. ಸೊಸೆ ಸತ್ವವನ್ನೆಲ್ಲ ಚೆಲ್ಲಿ ಸಿಪ್ಪೆ ಕೊಡುತ್ತಿದ್ದಳು, ನಾನು ಕದ್ದು ಬಸ್ಸಾರು ಉಣ್ಣಿಸಿದ್ದಕ್ಕೆ ಅಷ್ಟು ದಿನವಾದರೂ ಉಳಿದ. ಬಂದವರು ನನ್ನನ್ನು ಒಂದು ಥರ ನೋಡುತ್ತಿದ್ದರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಆ ಮುದುಕಿಗೆ ಉಳಿದಿದ್ದದ್ದು ಅದೊಂದೇ ಸಮಾಧಾನ. ಅದನ್ನು ಕಿತ್ತುಕೊಂಡು ನನಗೇನು ಆಗಬೇಕಿತ್ತು, ಹೋದವರು ಬರುತ್ತಿದ್ದರೇ?

ಒಂದು ಭಾನುವಾರ ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಹೆಂಗಸೊಬ್ಬಳು ಬಂದಳು. ಅವಳ ಅಣ್ಣನದು ನಮ್ಮನೆಯವರ ಪಕ್ಕದ ಹಾಸಿಗೆ. ಒಳ್ಳೆಯವಳು, ಬಾಯಿಗೆ ಮಾತ್ರ ಬ್ರೇಕಿಲ್ಲ. ಅತ್ತೆಮ್ಮ ತಮ್ಮ ಕತೆ ತೆಗೆಯುವ ಮೊದಲೇ ಅವಳು ಶುರುಮಾಡಿದಳು. "ಮೊನ್ನೆ ನಮ್ಮತ್ಗೆ ಕಾಯಿ ಬೇಯ್ಸಿದ್ ನೀರ್ನಲ್ಲಿ ಸಾರ್ ಮಾಡ್ ಕೊಟ್ಬುಟ್ಳು ಕಣಕ್ಕ. ಅಣ್ಣುಂಗೆ ಎದೆ ಇಡ್ಕೊಂಡು ಐಸಿಯುಗ್ ಆಕುದ್ರು. ಅದು ಇಸ ಇದ್ದಂಗಂತೆ. ಪುಣ್ಯ, ಉಳ್ಕಂಡ" ಅಂದಳು. ನಾನು ಕಣ್ಣು ಮಿಟುಕಿಸಿದೆ, ಸೀರೆ ಎಳೆದೆ, ಕಾಫಿ ತಣ್ಣಗಾಯಿತು ಅಂದೆ. ಅವಳು ಪೂರ್ತಿ ಹೇಳಿಯೇ ನಿಲ್ಲಿಸಿದ್ದು.

ಅತ್ತೆಮ್ಮ ಗೋಡೆಗೊರಗಿ ಕೂತಿದ್ದರು. ಆ ಹೆಂಗಸು ಹೋದ ಮೇಲೆ ನನ್ನನ್ನು ಕರೆದರು.

"ಅಮ್ಮಿ, ಅವ್ಳು ಯೋಳಿದ್ದು ದಿಟ್ವಾ?"

ನನ್ನ ಸಿಟ್ಟಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಅವರ ಮುಖ ನೋಡಿದೆ. ಹೂಂ ಅನ್ನಲು ಬಾಯಿ ಬರಲಿಲ್ಲ.

"ಅವ್ರಣ್ಣುಂದೇ ಬೇರೆ ಕಾಯಿಲೆ ಅತ್ತೆಮ್ಮ. ಇವ್ರಿಗೆ ಅದ್ರಿಂದೇನೂ ಆಗಿಲ್ಲ. ನೀವ್ ಉಣ್ಸಿದ್ದು ಒಳ್ಳೇದೇ ಆಯ್ತು."

ಅವರು ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ನಾನು, ಎಷ್ಟು ಹೊತ್ತು ಮುಖ ಇಟ್ಟುಕೊಳ್ಳಲಿ? ಅಕ್ಕಿ ಆರಿಸುವ ನೆಪ ಮಾಡಿ ಎದ್ದೆ. ಅತ್ತೆಮ್ಮ ಆಮೇಲೆ ಯಾರ ಹತ್ತಿರವೂ ಆ ಕತೆ ಹೇಳಲಿಲ್ಲ.

ಆ ವಾರದಲ್ಲೇ ಒಂದು ಸಂಜೆ ನಾನು ಕೆಲಸದಿಂದ ಬಂದು ಹುರುಳಿಕಾಯಿ ಬೇಯಿಸಿದೆ. ನೀರು ಬಸಿದು, ಎಂದಿನಂತೆ ಬಸ್ಸಾರಿಗೆ ಅಂತ ಅತ್ತೆಮ್ಮನ ಕಡೆ ಸರಿಸಿದೆ. ಈರುಳ್ಳಿ ಹುರಿದಿಟ್ಟಿದ್ದೆ. ಅವರು ಎದ್ದು, ಎರಡೂ ಕೈಯಲ್ಲಿ ಪಾತ್ರೆ ಎತ್ತಿಕೊಂಡು ಹೋಗಿ, ಅಷ್ಟನ್ನೂ ಬಚ್ಚಲಿಗೆ ಸುರಿದರು. ಹಬೆ ಅವರ ಮುಖದ ಮೇಲೆಲ್ಲ ಎದ್ದಿತು. ಖಾಲಿ ಪಾತ್ರೆ ತಂದು ನನ್ನ ಮುಂದಿಟ್ಟರು.

"ಯಾಕತ್ತೆಮ್ಮ, ನಮಗೇನಾಗದೆ? ನಾವ್ ಉಣ್ಬೋದಲ್ಲ" ಅಂದೆ.

"ಬ್ಯಾಡ ಕಣಮ್ಮಿ" ಅಂದರು. "ನೀನೊಬ್ಳಾರ ಇರು."

ಅವತ್ತು ಇಬ್ಬರೂ ಬರೀ ಪಲ್ಯ ನಂಜಿಕೊಂಡು ಮುದ್ದೆ ಉಂಡೆವು.