ಅಡುಗೆಯಮ್ಮನ ಸೈಕಲ್ ಸವಾರಿ

ಆ ಬೇಸಿಗೆ ಶಿಬಿರ ನಡೆದದ್ದು ಬಾಬುರಾಯನಕೊಪ್ಪಲಿನ ಒಂದು ಶಾಲೆಯಲ್ಲಿ. ಹುಡುಗಿಯರ ಗುಂಪನ್ನು ನನಗೆ ಒಪ್ಪಿಸಿದ್ದರು. ಬೆಳಿಗ್ಗೆ ಕಥೆ, ಚಿತ್ರ, ಗಾಯಕ್ಕೆ ಬ್ಯಾಂಡೇಜ್ ಕಟ್ಟುವುದು. ಮಧ್ಯಾಹ್ನ ಕಿತ್ತುಹೋದ ಗುಂಡಿ ಹೊಲಿಯುವುದು, ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಕೂಡಿಸುವುದು. ಬಿಸಿಲು ಇಳಿದ ಮೇಲೆ ಮೈದಾನದಲ್ಲಿ ಸೈಕಲ್.

ದೇವಲಾಪುರದ ಕಡೆಯಿಂದ ಬಂದಿದ್ದ ಹುಡುಗಿಯೊಬ್ಬಳು ಎಲ್ಲದರಲ್ಲೂ ಮುಂದು. ಸೈಕಲ್ ಹೊತ್ತಿಗೆ ಮಾತ್ರ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಮೊದಮೊದಲು ನಂಬಿದೆ. ಒಂದು ಸಂಜೆ ಹುಡುಕಿಕೊಂಡು ಹೋದರೆ, ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಾಳೆ. ಪಕ್ಕದಲ್ಲಿ ನಮ್ಮ ಅಡುಗೆಯಮ್ಮ, ಗಂಜಾಂನ ಸಾಬರ ಮನೆಯ ಹೆಂಗಸು, ಐವತ್ತರ ಆಸುಪಾಸಿನವರು.

“ಇವತ್ತೂ ನೋವಾ?” ಎಂದೆ.

ಹುಡುಗಿ ತಲೆ ತಗ್ಗಿಸಿದಳು. “ನಂಗೆ ಬ್ಯಾಲೆನ್ಸೇ ಬರಾಕಿಲ್ಲ ಮಿಸ್. ಎಲ್ರಿಗಿಂತ ಉದ್ದ ಇವ್ನಿ. ಬಿದ್ರೆ ನಗ್ತಾರೆ.”

ನಾನು ಧೈರ್ಯ ಹೇಳುವ ಮೊದಲೇ ಅಡುಗೆಯಮ್ಮ ಒಲೆ ಆರಿಸಿ ಕೈ ಒರೆಸಿಕೊಂಡರು. “ನಂಗೂ ಬರಾಕಿಲ್ಲ ಬೇಟಾ. ಚಿಕ್ಕೋಳಿದ್ದಾಗ ಅಣ್ಣಂದ್ರು ಸೈಕಲ್ ಮುಟ್ಟಾಕೇ ಬುಡ್ಲಿಲ್ಲ. ನಡಿ, ಇಬ್ರೂ ಬೀಳಾನ.”

ಸುಮ್ಮನೆ ಅಂದರೆಂದುಕೊಂಡೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈದಾನಕ್ಕೆ ನಡೆದೇಬಿಟ್ಟರು. ಅವರು ಹತ್ತಿದ ಸೈಕಲ್ಲನ್ನು ನಾನೊಂದು ಕಡೆ, ಹುಡುಗಿಯೊಂದು ಕಡೆ ಹಿಡಿದುಕೊಂಡೆವು. ಬಿಟ್ಟ ಕೂಡಲೇ ವಾಲಾಡುತ್ತ ಹೋಗಿ ಮರಳುಗುಡ್ಡೆಯ ಮೇಲೆ ಬಿದ್ದರು. ಮೈದಾನವೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಹುಡುಗಿ ಓಡಿಹೋಗಿ ಅವರನ್ನು ಎಬ್ಬಿಸಿದಳು. ಆಮೇಲೆ ಯಾರೂ ಹೇಳದೆ ತಾನೇ ಸೈಕಲ್ ಹತ್ತಿದಳು.

ಅವಳೂ ಬಿದ್ದಳು. ಮತ್ತೆ ಹತ್ತಿದಳು. ವಾರ ಕಳೆಯುವಷ್ಟರಲ್ಲಿ ಮೈದಾನ ಸುತ್ತಿ ಬರತೊಡಗಿದಳು. ಅಷ್ಟಾದ ಮೇಲೆ ಕ್ಯಾರಿಯರ್ ಹಿಡಿದು ಅಡುಗೆಯಮ್ಮನ ಹಿಂದೆ ಓಡುವ ಕೆಲಸ ಅವಳದೇ ಆಯಿತು. “ಕೆಳೀಕ್ ನೋಡ್‌ಬ್ಯಾಡಿ ಆಂಟಿ, ಮುಂದಕ್ ನೋಡಿ!”

ಅಡುಗೆಯಮ್ಮನಿಗೆ ಕೊನೆಗೂ ಸೈಕಲ್ ಬರಲಿಲ್ಲ. ಒಂದು ಸಂಜೆ ಮಂಡಿ ತರಚಿಕೊಂಡರು. ಹುಡುಗಿಯರೆಲ್ಲ ಸೇರಿ ಗಾಯ ತೊಳೆದು, ಬೆಳಿಗ್ಗೆ ಕಲಿತದ್ದನ್ನು ನಾ ಮುಂದು ತಾ ಮುಂದು ಎಂದು ಪ್ರಯೋಗಿಸಿದರು. ಬ್ಯಾಂಡೇಜು ದಿಂಬಿನಷ್ಟು ದಪ್ಪವಾಯಿತು.

“ಇಂಗ್ ಸುತ್ಬುಟ್ರೆ ನಮಾಜಿಗೆ ಎಂಗವ್ವಾ ಬಗ್ಗಲಿ?” ಎಂದು ಅವರು ಕೇಳಿದಾಗ ನಗುತ್ತಲೇ ಬಿಚ್ಚಿ, ತೆಳ್ಳಗೆ ಕಟ್ಟಿದರು.

ಕೊನೆಯ ದಿನ ಹುಡುಗಿಯ ಅಪ್ಪ ಕರೆದುಕೊಂಡು ಹೋಗಲು ಬಂದರು. ಅವಳು ಗೇಟಿನವರೆಗೆ ಸೈಕಲ್ಲಲ್ಲೇ ಹೋದಳು. ಅಪ್ಪ ಹೌಹಾರಿ ಎರಡೂ ಕೈ ಚಾಚಿದರು. “ನಿಧಾನ ಕಣವ್ವ, ಬಿದ್ಗಿದ್ದೀಯಾ! ಯಾರವ್ವಾ ಕಲ್ಸಿದ್ದು?”

ಅವಳು ನನ್ನ ಕಡೆ ನೋಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವರನ್ನು ತೋರಿಸಿ, “ಆ ಆಂಟಿ,” ಎಂದಳು. ನನಗೆ ಒಂಚೂರೂ ಬೇಸರವಾಗಲಿಲ್ಲ. ಅಪ್ಪ ಹೋಗಿ ಅಡುಗೆಯಮ್ಮನಿಗೆ ಕೈಮುಗಿದರು.

ಅಡುಗೆಯಮ್ಮನಿಗೆ ನಾಚಿಕೆಯಾಯಿತು. “ಬಿಸ್ಲಲ್ಲಿ ಬಂದಿದೀರಿ, ಉಂಡ್ಕಂಡೋಗಿ,” ಎಂದಷ್ಟೇ ಹೇಳಿ ತಟ್ಟೆ ತರಲು ಒಳಗೆ ಹೋದರು. ಅಪ್ಪ ಊಟಕ್ಕೆ ಕೂತರು. ಹುಡುಗಿ ಇನ್ನೊಂದೇ ಸುತ್ತು ಎಂದು ಮೈದಾನದ ಕಡೆಗೆ ಸೈಕಲ್ ತಿರುಗಿಸಿದಳು.