ಉಸ್ತಾದರ ಪದ, ದೌಲಪ್ಪನ ದನಿ

ಕಮಲಾಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ದೌಲಪ್ಪ ಚಹಾ ಕುಡಿಯುತ್ತ ಕೂತಿದ್ದಾಗ, ಪಕ್ಕದ ಮೇಜಿನವರ ಫೋನಿನಿಂದ ಮೊಹರಂನಲ್ಲಿ ಹಾಡುವ ಕರ್ಬಲಾ ಕಥೆಯ ರಿವಾಯತ್ ಪದವೊಂದು ಕೇಳಿಬಂತು. ಯಾರೋ ಚೆನ್ನಾಗಿ ಹಾಡಿದ್ದಾರಲ್ಲ ಅನ್ನಿಸಿತು. ಎರಡನೇ ನುಡಿಗೆ ಬರುವಷ್ಟರಲ್ಲಿ ಅವನು ಚಹಾದ ಬಸಿ ಕೆಳಗಿಟ್ಟು ಆ ಕಡೆ ತಿರುಗಿದ. ಆ ದನಿ ಅವನದೇ.

ದೌಲಪ್ಪ ಊರಿಗೆ ನೀರು ಬಿಡುವವನು. ಬೆಳಗಾದರೆ ಓಣಿ ಓಣಿಯ ವಾಲ್ವ್ ತಿರುವುವುದೇ ಕೆಲಸ. ಹರೆಯದಲ್ಲಿ ಮಾತ್ರ ಸುತ್ತಲಿನ ಹಳ್ಳಿಗಳಿಂದ ಹಾಡಲು ಕರೆ ಬರುತ್ತಿತ್ತು. ಪದ ಕಟ್ಟಿ ಕಲಿಸಿದವರು ಉಸ್ತಾದ್ ಬಂದೇನವಾಜ್. ಆಗ ಕಲಬುರಗಿಯ ಅಂಗಡಿಯವನೊಬ್ಬ ದೌಲಪ್ಪನಿಂದ ಹಾಡಿಸಿ ಕ್ಯಾಸೆಟ್ ಹೊರತಂದಿದ್ದ. ಉಸ್ತಾದರು ತೀರಿಕೊಂಡರು, ಅಂಗಡಿಯೂ ಮುಚ್ಚಿತು. ದೌಲಪ್ಪನ ಮನೆಯ ಕ್ಯಾಸೆಟ್ಟನ್ನು ಕೇಳಿ ಕೊಡುತ್ತೇನೆಂದು ಒಯ್ದವರು ತಿರುಗಿ ಕೊಡಲೇ ಇಲ್ಲ.

ಮಗಳು ಸೃಷ್ಟಿ ಕಲಬುರಗಿಯಲ್ಲಿ ಬಿ.ಕಾಂ. ಓದುತ್ತಾಳೆ. ಅವಳು ಹುಡುಕಿ ನೋಡಿದಾಗ, ತನ್ವೀರ್ ಎಂಬವನು ಇಡೀ ಕ್ಯಾಸೆಟ್ಟನ್ನೇ ಇಂಟರ್‌ನೆಟ್ಟಿಗೆ ಹಾಕಿದ್ದ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು. ಹಾಡಿದವರ ಹೆಸರೇ ಇರಲಿಲ್ಲ. ಇದು ಕಳವು ಎಂದು ಸೃಷ್ಟಿ ಸಿಟ್ಟಾದಳು. ದೌಲಪ್ಪನಿಗೆ ಬೇರೆಯದೇ ಒಂದು ಅನುಮಾನ ಬಂತು.

“ನಿನ್ನ ಫೋನ್‌ನ್ಯಾಗಿನ ಹಾಡೆಲ್ಲ ರೊಕ್ಕ ಕೊಟ್ಟು ತಂದೀಯೇನವ್ವಾ?”

“ಅದು ಬ್ಯಾರೆ, ಅಪ್ಪಾ,” ಅಂದಳು. ಆ ತನ್ವೀರ್ ಎಲ್ಲಿಯವನೆಂದು ಫೋನಿನಲ್ಲಿ ಹುಡುಕತೊಡಗಿದಳು.

ತನ್ವೀರ್ ಕಲಬುರಗಿಯ ಜೇವರ್ಗಿ ಕಾಲೋನಿಯ ಮೆಡಿಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಪ್ಪ ಮಗಳು ಬೈಯಬೇಕೆಂದೇ ಹೋದರು. ಕ್ಯಾಸೆಟ್ಟಿನಲ್ಲಿ ಹಾಡಿದವನು ತಾನೇ ಎಂದು ದೌಲಪ್ಪ ಹೇಳಿದ್ದೇ ತಡ, ತನ್ವೀರ್ ಕೌಂಟರ್ ಬಿಟ್ಟು ಹೊರಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡ. ತನ್ನ ಅಬ್ಬಾ ಸಾಯುವ ತನಕ ಆ ಕ್ಯಾಸೆಟ್ ಕೇಳುತ್ತಿದ್ದರು, ಟೇಪು ಹರಿಯತೊಡಗಿತ್ತು, ಪದ ಉಳಿಯಲಿ ಎಂದು ಹಾಕಿದೆ ಎಂದ. ಕ್ಯಾಸೆಟ್ಟಿನ ಮೇಲಿನ ಹೆಸರಿನ ಕಾಗದ ಹರಿದುಹೋಗಿ ಹಾಡಿದವರು ಯಾರೆಂದೇ ಗೊತ್ತಿರಲಿಲ್ಲವಂತೆ.

“ನಿಮಗ ಬ್ಯಾಡಂದ್ರ ಈಗೇ ತೆಗೀತೀನ್ರಿ, ಕಾಕಾ,” ಎಂದು ಫೋನ್ ಕೈಗೆತ್ತಿಕೊಂಡ.

“ತಡಿಯಪ್ಪಾ,” ಅಂದ ದೌಲಪ್ಪ.

ತೆಗೆಸಿಬಿಟ್ಟರೆ ತನ್ನ ದನಿ ತನಗೇ ಇಲ್ಲ. ಇರಲಿ ಅನ್ನೋಣವೆಂದರೆ ಮಗಳು ದುರುಗುಟ್ಟಿಕೊಂಡು ನಿಂತಿದ್ದಳು. ಹೆಸರಾದರೂ ಹಾಕುತ್ತೇನೆ, ಪದ ನಿಮ್ಮದೇನಾ ಎಂದು ತನ್ವೀರ್ ಕೇಳಿದಾಗ ದೌಲಪ್ಪ ಇನ್ನಷ್ಟು ತಬ್ಬಿಬ್ಬಾದ. ಹಾಡಿದವನು ತಾನು ಹೌದು, ಪದ ಉಸ್ತಾದರದು. ಕ್ಯಾಸೆಟ್ ಮಾಡಿದ ಅಂಗಡಿಯವನದೂ ಏನಾದರೂ ಹಕ್ಕು ಇದ್ದೀತು. ಉಸ್ತಾದರ ಮನೆಯವರನ್ನು ಕೇಳಿ ಹೇಳುತ್ತೇನೆಂದು ಹೊರಟುಬಂದ.

ಮರುದಿನ ಉಸ್ತಾದರ ಹೆಂಡತಿ ಅಕ್ಬರಿ ಬೇಗಂ ಅವರ ಮನೆಗೆ ಹೋಗಿ ಪದ ಕೇಳಿಸಿದ. ಅವರು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು. ಇದನ್ನು ಪುಕ್ಕಟೆ ಹಂಚುತ್ತಿದ್ದಾರೆ, ಏನು ಮಾಡಲಿ ಎಂದು ದೌಲಪ್ಪ ಕೇಳಿದ.

“ನಮ್ಮವರೂ ಪುಕ್ಕಟೆನೇ ಕಲಿಸಿದ್ರಲ್ಲಪ್ಪಾ. ಆದ್ರ ನೀವು ಮನಿಗಿ ಬರ್ತಿದ್ರಿ, ಅವರ ಎದುರಿಗಿ ಕೂಡ್ತಿದ್ರಿ. ಈಗ ಯಾರು ಬರ್ತಾರ?”

ಬೇಡವೆಂದರೋ ಇರಲಿಯೆಂದರೋ ದೌಲಪ್ಪನಿಗೆ ತಿಳಿಯಲಿಲ್ಲ. ಎಷ್ಟೋ ದಿನ ಅದನ್ನೇ ಮೆಲುಕು ಹಾಕಿ, ಕಡೆಗೆ ಉಸ್ತಾದರ ಹೆಸರು ಮೇಲೆ, ತನ್ನದು ಕೆಳಗೆ ಹಾಕಿ ಇರಲಿಬಿಡು ಎಂದು ತನ್ವೀರನಿಗೆ ತಿಳಿಸಿದ. ತಿಳಿಸಿದ ಮೇಲೂ ಮನಸ್ಸು ಹಗುರಾಗಲಿಲ್ಲ.

ಆ ಸಲದ ಮೊಹರಂನಲ್ಲಿ ಊರಿನ ತರುಣರು ಅದೇ ಪದ ಹಾಡಿದರು. ಯಾರ ಮನೆಗೂ ಹೋಗಿ ಕಲಿತವರಲ್ಲ, ಫೋನ್ ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದರು. ಕ್ಯಾಸೆಟ್ಟಿನಲ್ಲಿ ದೌಲಪ್ಪ ಉಸಿರೆಳೆದುಕೊಂಡ ಜಾಗದಲ್ಲೇ ಅವರೂ ಉಸಿರೆಳೆದುಕೊಂಡರು. ಅವನೂ ದನಿಗೂಡಿಸಲು ನೋಡಿದ. ಅವರು ಹಿಡಿದದ್ದು ಅವನ ಹರೆಯದ ಶ್ರುತಿ, ಈಗ ಅವನಿಗೇ ಎಟುಕಲಿಲ್ಲ. ತಾಳ ಹಾಕುತ್ತ ನಿಂತುಬಿಟ್ಟ.

ಖುಷಿ ಆಯಿತೇನು ಎಂದು ಸೃಷ್ಟಿ ಮೆಲ್ಲಗೆ ಕೇಳಿದಳು.

“ಏನೋ, ತಿಳಿವಲ್ದವ್ವಾ,” ಅಂದ ದೌಲಪ್ಪ. “ಚಂದ ಹಾಡಾಕತ್ತಾರ.”